ನಿದ್ರೆಯೂ ಕಾಲ್ಚೆಂಡಾಟವೂ

ಆಟದ ಬಯಲಿನ ಅಂಚಿನಲ್ಲಿ ನಿಂತು ನೋಡುವವರಿಗೆ ಒಂದು ಸಂಗತಿ ಆಗಾಗ್ಗೆ ಸೋಜಿಗವನ್ನುಂಟುಮಾಡುತ್ತದೆ. ಮೊನ್ನೆ ಚೆಂಡನ್ನು ಕಾಲಿಗೆ ಕಟ್ಟಿಕೊಂಡವನಂತೆ ಓಡಾಡಿಸುತ್ತಿದ್ದ ಹುಡುಗನೇ ಇಂದು ತನ್ನ ಬಳಿಗೆ ತಾನಾಗಿ ಬಂದ ಚೆಂಡನ್ನು ಕಳೆದುಕೊಳ್ಳುತ್ತಾನೆ. ಎದುರಾಳಿಯು ಪಕ್ಕದಲ್ಲಿ ಹಾದುಹೋದ ಮೇಲೆ ಅವನನ್ನು ತಡೆಯಲು ಕಾಲು ಚಾಚುತ್ತಾನೆ. ಜ್ವರವಿಲ್ಲ, ಗಾಯವಿಲ್ಲ, ಊಟಕ್ಕೆ ಕೊರತೆಯಿಲ್ಲ. ಗೆಳೆಯರು ‘ಇವತ್ತು ಅವನ ದಿನವಲ್ಲ’ ಎನ್ನುತ್ತಾರೆ. ಶಿಕ್ಷಕರು ‘ಅಭ್ಯಾಸ ಸಾಲದು’ ಎನ್ನುತ್ತಾರೆ. ‘ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?’ ಎಂದು ಕೇಳುವವರು ವಿರಳ. ಆದರೆ ಹಲವು ವೇಳೆ ಮೊದಲು ಕೇಳತಕ್ಕ ಪ್ರಶ್ನೆ ಅದೇ ಎಂಬುದನ್ನು ಕಳೆದ ಕೆಲವು ದಶಕಗಳ ಸಂಶೋಧನೆಗಳು ತೋರಿಸಿಕೊಟ್ಟಿವೆ. ಅವುಗಳ ಪರಿಚಯವನ್ನು ನಮ್ಮ ವಿದ್ಯಾರ್ಥಿ ವಾಚಕರಿಗೆ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಈ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿರುವ, ಕಾಲ್ಚೆಂಡಿನಲ್ಲಿ ಆಸಕ್ತಿಯುಳ್ಳ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಸಂಜೆ ಶಾಲೆ ಮುಗಿದ ಮೇಲೆ ಆಟ. ಬಸ್ಸು ಹಿಡಿದು ಮನೆ ಸೇರುವಾಗ ಕತ್ತಲೆ. ಊಟವಾದ ಮೇಲೆ ಪಾಠ, ಅದರ ಬಳಿಕ ಸ್ವಲ್ಪ ಹೊತ್ತು ಮೊಬೈಲ್ ಫೋನು. ಮಲಗುವಾಗ ಹನ್ನೊಂದು ಗಂಟೆ. ಪರೀಕ್ಷೆಯ ವರ್ಷವಾದುದರಿಂದ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರಿಸುವ ಗಡಿಯಾರ. ಲೆಕ್ಕ ಹಾಕಿದರೆ ನಿದ್ರೆಗೆ ಸಿಕ್ಕಿದ್ದು ಐದೂವರೆ ಗಂಟೆ. ಊರಿನಲ್ಲಿ ಜಾತ್ರೆಯೋ ಪೌರಾಣಿಕ ನಾಟಕವೋ ಇದ್ದರೆ ಅದೂ ಇಲ್ಲ. ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ಬಂದಾಗ ತೋಟಕ್ಕೆ ನೀರು ಹಾಯಿಸಲು ತಂದೆಯೊಡನೆ ಹೋಗಬೇಕಾದ ಮಕ್ಕಳೂ ಉಂಟು. ಈ ಹುಡುಗನನ್ನು ಯಾರೂ ಸೋಮಾರಿಯೆನ್ನಲಾರರು. ಅವನು ಕಷ್ಟಪಡುತ್ತಿದ್ದಾನೆ. ಆ ಕಷ್ಟದ ಫಲದಲ್ಲಿ ಎಷ್ಟು ಭಾಗ ಅವನ ಕೈಗೆ ಬರುತ್ತಿದೆ ಎಂಬುದೇ ಪ್ರಶ್ನೆ.

ನಿದ್ರೆಯ ವಿಷಯದಲ್ಲಿ ನಮ್ಮ ಸಂಪ್ರದಾಯದ ನಿಲುವು ಸ್ವಲ್ಪ ಬಿಗಿಯಾದುದು. ನಿದ್ರೆಯನ್ನು ಗೆದ್ದವನೆಂಬ ಅರ್ಥದಲ್ಲಿ ಅರ್ಜುನನಿಗೆ ಗುಡಾಕೇಶನೆಂಬ ಹೆಸರುಂಟು. ಹದಿನಾಲ್ಕು ವರ್ಷ ಕಣ್ಣು ಮುಚ್ಚದೆ ಅಣ್ಣನನ್ನು ಕಾಯ್ದ ಲಕ್ಷ್ಮಣನ ಕಥೆಯನ್ನು ನಮ್ಮ ಅಜ್ಜಿಯರು ಹೇಳಿದ್ದಾರೆ. ವಿದ್ಯಾರ್ಥಿಗೆ ನಾಯಿಯ ನಿದ್ರೆಯಿರಬೇಕೆಂದು ಹಿರಿಯರ ಉಪದೇಶ. ಚೆನ್ನಾಗಿ ನಿದ್ರಿಸುವವನ ಪಾಲಿಗೆ ಉಳಿದದ್ದು ಕುಂಭಕರ್ಣನ ಹೆಸರು. ಹೀಗೆ ಕಡಿಮೆ ನಿದ್ರಿಸುವುದು ಒಂದು ಗುಣವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗುಣವೋ ದೋಷವೋ ಎಂಬುದನ್ನು ಭಾವನೆಗೆ ಬಿಡದೆ ಅಳತೆಗೆ ಒಳಪಡಿಸಿ ನೋಡೋಣ.

ಅರ್ಧ ಸೆಕೆಂಡಿನ ಬೆಲೆ

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ತೊಂಬತ್ತು ನಿಮಿಷಗಳ ಪೂರ್ಣ ಪಂದ್ಯವೊಂದರಲ್ಲಿ ನುರಿತ ಆಟಗಾರನು ಸುಮಾರು ೧೦ರಿಂದ ೧೨ ಕಿಲೋಮೀಟರುಗಳಷ್ಟು ದೂರವನ್ನು ಕ್ರಮಿಸುತ್ತಾನೆ. ಅದರಲ್ಲಿ ಹೆಚ್ಚಿನ ಭಾಗ ನಡಿಗೆ ಮತ್ತು ಮೆಲ್ಲೋಟ. ನಡುನಡುವೆ ಸಿಡಿದು ಓಡುವ ಕ್ಷಣಗಳು. ಇಷ್ಟು ಓಡಿದರೂ ಒಬ್ಬನ ಕಾಲಿನಲ್ಲಿ ಚೆಂಡು ಇರುವುದು ಒಂದೆರಡು ನಿಮಿಷ ಮಾತ್ರ. ಉಳಿದ ಕಾಲವೆಲ್ಲ ನೋಡುವುದು, ಊಹಿಸುವುದು, ಜಾಗ ಹಿಡಿಯುವುದು, ತೀರ್ಮಾನಿಸುವುದು. ಆದುದರಿಂದ ಕಾಲ್ಚೆಂಡಾಟವನ್ನು ಕಾಲಿನ ಆಟವೆಂದು ಕರೆದರೂ ಅದು ಬಹುಮಟ್ಟಿಗೆ ಮಿದುಳಿನ ಆಟ.

ಗೋಲು ಕಾಯುವವನನ್ನು ತೆಗೆದುಕೊಳ್ಳೋಣ. ದಂಡದ ಒದೆತದಲ್ಲಿ, ಅಂದರೆ ಪೆನಾಲ್ಟಿಯಲ್ಲಿ, ಚೆಂಡು ಗೋಲಿನ ಗೆರೆಯಿಂದ ೧೧ ಮೀಟರು ದೂರದಲ್ಲಿರುತ್ತದೆ. ಅದನ್ನು ಗಂಟೆಗೆ ೯೦ ಕಿಲೋಮೀಟರು ವೇಗದಲ್ಲಿ ಒದ್ದರೆ, ಅಂದರೆ ಸೆಕೆಂಡಿಗೆ ೨೫ ಮೀಟರು ವೇಗದಲ್ಲಿ, ಅದು ಗೆರೆಯನ್ನು ಮುಟ್ಟಲು ೦.೪೪ ಸೆಕೆಂಡು ಸಾಕು. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಸ್ನಾಯುವಿಗೆ ಅಪ್ಪಣೆ ಕೊಡುವಷ್ಟರಲ್ಲಿ, ಎಚ್ಚರವಾಗಿರುವ ಆರೋಗ್ಯವಂತ ಯುವಕನಲ್ಲಿಯೂ ಸುಮಾರು ೦.೨ ಸೆಕೆಂಡು ಕಳೆದುಹೋಗುತ್ತದೆ. ಇದಕ್ಕೆ ಪ್ರತಿಕ್ರಿಯಾಕಾಲವೆಂದು ಹೆಸರು. ಉಳಿದ ೦.೨೪ ಸೆಕೆಂಡಿನಲ್ಲಿ ೭.೩೨ ಮೀಟರು ಅಗಲದ ಗೋಲಿನ ಯಾವುದೋ ಮೂಲೆಗೆ ಅವನು ಹಾರಬೇಕು.

ನಿದ್ರೆಗೆಟ್ಟವನಲ್ಲಿ ಎರಡು ದೋಷಗಳು ಕಾಣಿಸಿಕೊಳ್ಳುತ್ತವೆ. ಒಂದು, ಪ್ರತಿಕ್ರಿಯಾಕಾಲವು ಸ್ವಲ್ಪ ಸ್ವಲ್ಪವಾಗಿ ನೀಳವಾಗುವುದು. ಎರಡನೆಯದು ಇನ್ನೂ ಅಪಾಯಕರವಾದುದು: ಕಣ್ಣು ತೆರೆದಿರುವಾಗಲೇ ಮಿದುಳು ಕ್ಷಣಕಾಲ ಮೈಮರೆಯುವುದು. ನಿದ್ರಾವಿಜ್ಞಾನಿಗಳು ದೀಪ ಹೊತ್ತಿದೊಡನೆ ಗುಂಡಿಯನ್ನು ಒತ್ತಿಸುವ ಒಂದು ಸರಳ ಪರೀಕ್ಷೆಯಲ್ಲಿ ಅರ್ಧ ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ತಡವಾದ ಪ್ರತಿಯೊಂದು ಒತ್ತನ್ನೂ ಇಂಥ ಮೈಮರೆವೆಂದು ಎಣಿಸುತ್ತಾರೆ. ವಾಚಕರು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಅರ್ಧ ಸೆಕೆಂಡಿನ ಮೈಮರೆವು ಆ ಘಳಿಗೆಯಲ್ಲಿ ಬಂದರೆ, ಗೋಲು ಕಾಯುವವನು ಅಲುಗುವ ಮುನ್ನವೇ ಚೆಂಡು ಬಲೆಯೊಳಗಿರುತ್ತದೆ. ಆಟಗಾರರಿಗೂ ಇದೇ ಮಾತು. ಸೆಕೆಂಡಿಗೆ ೭ ಮೀಟರು ವೇಗದಲ್ಲಿ ಓಡುತ್ತಿರುವ ಎದುರಾಳಿಯನ್ನು ತಡೆಯುವಲ್ಲಿ ಹತ್ತನೆಯ ಒಂದು ಸೆಕೆಂಡು ತಡವಾದರೆ ಅವನು ಮುಕ್ಕಾಲು ಮೀಟರಿನಷ್ಟು ಮುಂದೆ ಹೋಗಿರುತ್ತಾನೆ.

ಮಲಗಿದಾಗ ನಡೆಯುವ ಕೆಲಸ

ನಿದ್ರೆಯೆಂದರೆ ಯಂತ್ರವನ್ನು ನಿಲ್ಲಿಸಿದಂತೆ ಎಂಬ ಕಲ್ಪನೆ ಬಹುಕಾಲ ಇದ್ದಿತು. ೧೯೫೩ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನೇಥನಿಯಲ್ ಕ್ಲೈಟ್‌ಮನ್ ಎಂಬುವರು, ಮಲಗಿದವರ ಕಣ್ಣುಗುಡ್ಡೆಗಳು ರಾತ್ರಿಯಲ್ಲಿ ಆಗಾಗ್ಗೆ ರೆಪ್ಪೆಯೊಳಗೆ ವೇಗವಾಗಿ ಚಲಿಸುವುದನ್ನೂ ಆ ಸಮಯದಲ್ಲಿ ಮಿದುಳು ಎಚ್ಚರದಲ್ಲಿರುವಷ್ಟೇ ಚಟುವಟಿಕೆಯಿಂದಿರುವುದನ್ನೂ ವರದಿ ಮಾಡಿದರು. ಈ ಹೊತ್ತಿನಲ್ಲಿ ಎಬ್ಬಿಸಿದರೆ ಜನರು ಕನಸನ್ನು ಹೇಳುತ್ತಾರೆ. ಅಂದಿನಿಂದ ನಿದ್ರೆಯ ಅಧ್ಯಯನವು ಒಂದು ಶಾಸ್ತ್ರವಾಗಿ ಬೆಳೆಯಿತು.

ಈಗ ನಮಗೆ ತಿಳಿದಿರುವಂತೆ ರಾತ್ರಿಯ ನಿದ್ರೆಯು ಒಂದೇ ಸಮನಾದುದಲ್ಲ. ಸುಮಾರು ೯೦ ನಿಮಿಷಗಳಿಗೊಂದರಂತೆ ನಾಲ್ಕಾರು ಸುತ್ತುಗಳಲ್ಲಿ ಅದು ಸಾಗುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ತೆಳುನಿದ್ರೆ, ಗಾಢನಿದ್ರೆ, ಕನಸಿನ ನಿದ್ರೆ ಎಂಬ ಹಂತಗಳುಂಟು. ಆದರೆ ಅವುಗಳ ಪಾಲು ರಾತ್ರಿಯೆಲ್ಲ ಒಂದೇ ಆಗಿರುವುದಿಲ್ಲ. ಗಾಢನಿದ್ರೆಯ ಹೆಚ್ಚಿನ ಪಾಲು ರಾತ್ರಿಯ ಮೊದಲರ್ಧದಲ್ಲಿ. ಕನಸಿನ ನಿದ್ರೆ ಮತ್ತು ತೆಳುನಿದ್ರೆಗಳ ಹೆಚ್ಚಿನ ಪಾಲು ಬೆಳಗಿನ ಜಾವದ ಕಡೆಗೆ. ಈ ಹಂಚಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಅಗತ್ಯ ಬೀಳುತ್ತದೆ.

ಗಾಢನಿದ್ರೆಯಲ್ಲಿ ಏನು ನಡೆಯುತ್ತದೆ? ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ನಿದ್ರೆ ಹತ್ತಿದ ಮೊದಲ ಗಂಟೆಗಳಲ್ಲಿ, ಗಾಢನಿದ್ರೆಯೊಡನೆ, ಈ ಹಾರ್ಮೋನು ಒಮ್ಮೆಗೇ ಏರುವುದೆಂದು ೧೯೬೮ರಲ್ಲಿಯೇ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಎಳೆಯರಲ್ಲಿ ಎಲುಬು ಬೆಳೆಯಲು, ಆಟದಲ್ಲಿ ಸವೆದ ಸ್ನಾಯುಗಳು ದುರಸ್ತಿಯಾಗಲು ಇದು ನೆರವಾಗುತ್ತದೆ. ಸ್ನಾಯುಗಳಲ್ಲಿ ಸಕ್ಕರೆಯು ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರವಾಗಿರುತ್ತದೆ. ಸಿಡಿದು ಓಡುವಾಗ ಉರಿಯುವ ಇಂಧನ ಮುಖ್ಯವಾಗಿ ಇದೇ. ೨೦೧೧ರಲ್ಲಿ ಆಸ್ಟ್ರೇಲಿಯದಲ್ಲಿ ತಂಡದಾಟಗಳ ಹತ್ತು ಮಂದಿ ಆಟಗಾರರನ್ನು ೩೦ ಗಂಟೆಗಳ ಕಾಲ ಎಚ್ಚರವಾಗಿರಿಸಿ ಪರೀಕ್ಷಿಸಿದಾಗ, ನಿದ್ರೆ ಮಾಡಿದ ದಿನಕ್ಕಿಂತ ಅವರ ಸ್ನಾಯುಗಳಲ್ಲಿ ಗ್ಲೈಕೋಜನ್ ಕಡಿಮೆಯಿದ್ದುದೂ ಮತ್ತೆ ಮತ್ತೆ ಓಡುವಾಗ ವೇಗ ಕುಗ್ಗಿದುದೂ ಕಂಡುಬಂದವು.

ಇನ್ನು ಕಲಿಕೆಯ ಮಾತು. ಚೆಂಡನ್ನು ಪಾದದ ಹೊರಬದಿಯಿಂದ ತಿರುಗಿಸುವ ಹೊಸ ಪಟ್ಟೊಂದನ್ನು ಸಂಜೆ ಐವತ್ತು ಬಾರಿ ಅಭ್ಯಾಸ ಮಾಡಿದೆವೆನ್ನೋಣ. ಆ ಪಟ್ಟು ಮಿದುಳಿನಲ್ಲಿ ನೆಲೆಯಾಗುವುದು ಯಾವಾಗ? ೨೦೦೨ರಲ್ಲಿ ಹಾರ್ವರ್ಡಿನ ಸಂಶೋಧಕರು ಇದನ್ನು ಸರಳವಾದೊಂದು ಕೆಲಸದಿಂದ ಪರೀಕ್ಷಿಸಿದರು. ಬೆರಳುಗಳಿಂದ ಕೀಲಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಬೇಗಬೇಗನೆ ಒತ್ತುವುದನ್ನು ಕಲಿಸಿ, ಕೆಲವರನ್ನು ಹಗಲು ಹನ್ನೆರಡು ಗಂಟೆಗಳ ನಂತರವೂ ಕೆಲವರನ್ನು ರಾತ್ರಿಯ ನಿದ್ರೆಯ ನಂತರವೂ ಪರೀಕ್ಷಿಸಿದರು. ಹಗಲು ಎಚ್ಚರವಿದ್ದವರ ವೇಗದಲ್ಲಿ ಗಣನೀಯ ಬದಲಾವಣೆ ಇರಲಿಲ್ಲ. ನಿದ್ರಿಸಿದವರ ವೇಗ, ನಡುವೆ ಒಂದು ಸಲವೂ ಅಭ್ಯಾಸ ಮಾಡದೆ, ಶೇಕಡಾ ೨೦ರಷ್ಟು ಹೆಚ್ಚಿತ್ತು. ಈ ಹೆಚ್ಚಳವು ರಾತ್ರಿಯ ಕೊನೆಯ ಭಾಗದ ತೆಳುನಿದ್ರೆಯೊಡನೆ ಹೊಂದಿಕೊಂಡಿತ್ತು. ಬೆರಳಿನ ಕೆಲಸ ಕಾಲ್ಚೆಂಡಾಟವಲ್ಲ, ನಿಜ. ಅದೇ ಶೇಕಡಾ ೨೦ರ ಲಾಭ ಬಯಲಿನಲ್ಲಿಯೂ ಬರುವುದೆಂದು ಯಾರೂ ಹೇಳಲಾರರು. ಆದರೆ ಕೈಯ ಅಭ್ಯಾಸವನ್ನು ನೆಲೆಗೊಳಿಸುವ ಮಿದುಳೇ ಕಾಲಿನ ಅಭ್ಯಾಸವನ್ನೂ ನೆಲೆಗೊಳಿಸಬೇಕಲ್ಲವೆ? ನಾಲ್ಕೂವರೆಯ ಗಡಿಯಾರವು ಕತ್ತರಿಸಿ ಹಾಕುವುದು ರಾತ್ರಿಯ ಈ ಕೊನೆಯ ಭಾಗವನ್ನೇ. ನಮ್ಮ ಹುಡುಗನು ಸಂಜೆ ಪಟ್ಟ ಶ್ರಮದ ಒಂದು ಪಾಲನ್ನು ಬೆಳಗಿನ ಜಾವ ತಾನೇ ಅಳಿಸಿಕೊಳ್ಳುತ್ತಿದ್ದಾನೆ.

ಆಟಗಾರರ ಮೇಲೆ ನಡೆದ ಪ್ರಯೋಗಗಳು

ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತಂಡದ ೧೧ ಆಟಗಾರರ ಮೇಲೆ ನಡೆದ ಪ್ರಯೋಗವೊಂದು ೨೦೧೧ರಲ್ಲಿ ಪ್ರಕಟವಾಯಿತು. ಆಟಗಾರರು ಮೊದಲು ಕೆಲವು ವಾರ ಎಂದಿನಂತೆ ಮಲಗಿದರು. ಆಮೇಲೆ ಐದರಿಂದ ಏಳು ವಾರಗಳ ಕಾಲ ರಾತ್ರಿ ಕನಿಷ್ಠ ೧೦ ಗಂಟೆ ಹಾಸಿಗೆಯಲ್ಲಿರಬೇಕೆಂದು ಅವರಿಗೆ ತಿಳಿಸಲಾಯಿತು. ಅವರ ನಿದ್ರೆ ಸರಾಸರಿ ಸುಮಾರು ೧೧೦ ನಿಮಿಷ ಹೆಚ್ಚಿತು. ಅಂಗಣದ ಉದ್ದಗಲಕ್ಕೆ ಹೋಗಿಬರುವ ಸುಮಾರು ೮೬ ಮೀಟರುಗಳ ಓಟಕ್ಕೆ ಮೊದಲು ೧೬.೨ ಸೆಕೆಂಡು ಹಿಡಿಯುತ್ತಿದ್ದುದು ೧೫.೫ಕ್ಕೆ ಇಳಿಯಿತು. ಇದನ್ನು ದೂರಕ್ಕೆ ತಿರುಗಿಸಿದರೆ, ಹಳೆಯ ಆಟಗಾರನಿಗಿಂತ ಹೊಸ ಆಟಗಾರನು ಸುಮಾರು ೪ ಮೀಟರು ಮುಂದಿದ್ದಂತಾಯಿತು. ನಿಂತು ಎಸೆಯುವ ಹತ್ತು ಎಸೆತಗಳಲ್ಲಿ ಸರಾಸರಿ ೭.೯ ಬುಟ್ಟಿಗೆ ಬೀಳುತ್ತಿದ್ದುದು ೮.೮ ಆಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪ್ರಯೋಗದಲ್ಲಿ ಹೋಲಿಕೆಗಾಗಿ ಬೇರೊಂದು ಗುಂಪು ಇರಲಿಲ್ಲ. ವಾರಗಟ್ಟಲೆ ಆಡಿದ ಅಭ್ಯಾಸದಿಂದಲೂ ಸುಧಾರಣೆಯಲ್ಲಿ ಒಂದು ಪಾಲು ಬಂದಿರಬಹುದು. ಆದುದರಿಂದ ಒಂದೇ ಪ್ರಯೋಗವನ್ನು ನಂಬದೆ ಇತರ ಸಾಕ್ಷ್ಯಗಳನ್ನೂ ನೋಡಬೇಕು.

ನಾರ್ವೆಯಲ್ಲಿ ೧೯ ಮಂದಿ ಕಿರಿಯ ಕಾಲ್ಚೆಂಡಾಟಗಾರರನ್ನು ಒಂದು ದಿನ ಪೂರ್ತಿ ನಿದ್ರೆಗೆಡಿಸಿ ಅವರ ಆಟದ ಕೌಶಲವನ್ನು ಅಳೆದ ಪ್ರಯೋಗವು ೨೦೧೭ರಲ್ಲಿ ಪ್ರಕಟವಾಯಿತು. ಕುತೂಹಲದ ಸಂಗತಿಯೆಂದರೆ, ಒಂದು ರಾತ್ರಿಯ ನಿದ್ರೆ ಹೋದರೂ ಓಟದ ವೇಗ ಮೊದಲಾದ ಹಲವು ಪರೀಕ್ಷೆಗಳಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಬಿಡದೆ ಚೆಂಡನ್ನು ಒದೆಯುತ್ತಲೇ ಇರಬೇಕಾದ ಪರೀಕ್ಷೆಯಲ್ಲಿ ಮಾತ್ರ ಅವರು ಹಿಂದೆ ಬಿದ್ದರು. ಅಂದರೆ ಉತ್ಸಾಹದಿಂದ ಒಂದು ಬಾರಿ ಸಿಡಿದು ಓಡುವುದನ್ನು ನಿದ್ರೆಗೆಟ್ಟವನೂ ಮಾಡಬಲ್ಲ; ಗಮನವನ್ನು ಕದಲಿಸದೆ ಒಂದೇ ಕೆಲಸವನ್ನು ನಿಖರವಾಗಿ ಮತ್ತೆ ಮತ್ತೆ ಮಾಡುವುದು ಅವನಿಗೆ ಕಷ್ಟ. ಟೆನಿಸ್ ಆಟಗಾರರನ್ನು ಐದು ಗಂಟೆಗಳ ನಿದ್ರೆಗೆ ಸೀಮಿತಗೊಳಿಸಿ ಇಂಗ್ಲೆಂಡಿನಲ್ಲಿ ನಡೆಸಿದ, ೨೦೧೩ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ ಚೆಂಡನ್ನು ಗುರಿಗೆ ಹೊಡೆಯುವ ನಿಖರತೆ ಕುಂದಿತು. ಕಾಫಿಯಲ್ಲಿರುವ ಕೆಫೀನನ್ನು ಕೊಟ್ಟರೂ ಅದು ಹಿಂದಿರುಗಲಿಲ್ಲ.

ಗಾಯಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದ ಲಾಸ್ ಏಂಜಲೀಸಿನ ಶಾಲೆಯೊಂದರ ೧೧೨ ಎಳೆಯ ಆಟಗಾರರನ್ನು ಕುರಿತ, ೨೦೧೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾತ್ರಿ ಸರಾಸರಿ ೮ ಗಂಟೆಗಿಂತ ಕಡಿಮೆ ನಿದ್ರಿಸುತ್ತಿದ್ದವರು ಗಾಯಗೊಂಡಿರುವ ಸಂಭವ ಉಳಿದವರಿಗಿಂತ ೧.೭ ಪಟ್ಟು ಇದ್ದಿತು. ನಿದ್ರೆಯ ಕೊರತೆಯೇ ಗಾಯಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗದಿದ್ದರೂ, ತಡವಾಗಿ ಚಾಚಿದ ಕಾಲು ಚೆಂಡಿಗೆ ಬದಲು ಎದುರಾಳಿಯ ಮೊಣಕಾಲಿಗೆ ತಗಲುವುದನ್ನು ಕಂಡವರಿಗೆ ಈ ಸಂಬಂಧವು ಅಸಹಜವೆನಿಸುವುದಿಲ್ಲ. ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ಹಳ್ಳಿಯ ಹುಡುಗನಿಗೆ ಮೊಣಕಾಲಿನ ಗಾಯವೆಂದರೆ ಆಟದ ಕೊನೆಯೇ ಆಗಬಹುದು.

ನಮ್ಮ ನಾಡಿಗೆ ಈ ಆಟ ಹೊಸದಲ್ಲ. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿಗೆದುರಾಗಿ ಸ್ವತಂತ್ರ ಭಾರತದ ಮೊದಲ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹಮದ್ ಖಾನ್, ಧನರಾಜ್ ಮೊದಲಾದ ಬೆಂಗಳೂರಿಗರೂ ಆ ತಂಡದಲ್ಲಿದ್ದರು. ಬೂಟುಗಳಿಲ್ಲದೆ ಆಡಿದವರೂ ಇದ್ದ ಆ ಕಾಲದಲ್ಲಿ ಆಟಗಾರನ ನಿದ್ರೆಯನ್ನು ಅಳೆಯುವ ಶಾಸ್ತ್ರವೇ ಹುಟ್ಟಿರಲಿಲ್ಲ. ಇಂದು ದೊಡ್ಡ ತಂಡಗಳು ಆಟಗಾರರ ನಿದ್ರೆಯನ್ನು ಅವರ ಊಟದಷ್ಟೇ ಎಚ್ಚರದಿಂದ ಗಮನಿಸುತ್ತವೆ. ೨೦೧೩ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ತಂಡವು ಕಂಠೀರವ ಕ್ರೀಡಾಂಗಣದಲ್ಲಿ ಆಡಿದ ಪಂದ್ಯಗಳಲ್ಲಿ ಹಲವು ರಾತ್ರಿ ಏಳೂವರೆಗೆ ಆರಂಭವಾದುವು. ಇಂಥ ರಾತ್ರಿಯ ಪಂದ್ಯಗಳಾದ ಮೇಲೆ ಆಟಗಾರರು ತಡವಾಗಿ ಮಲಗಿ ಕಡಿಮೆ ನಿದ್ರಿಸುತ್ತಾರೆಂಬುದು ಬೇರೆ ದೇಶಗಳ ಆಟಗಾರರ ಮೇಲೆ ಮಾಡಿದ ಅಳತೆಗಳಿಂದ ತಿಳಿದಿದೆ. ಉಜ್ವಲವಾದ ದೀಪಗಳು, ಕಾದ ಮೈ, ಗೆಲುವಿನ ಉದ್ವೇಗ ಅಥವಾ ಸೋಲಿನ ಚಿಂತೆ, ಇವುಗಳ ನಡುವೆ ನಿದ್ರೆ ಹೇಗೆ ಬಂದೀತು? ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ರೆ ಎಂಬ ಗಾದೆಯ ಮರ್ಮವು ಇಲ್ಲಿ ವಿಜ್ಞಾನದ ಮಾತೂ ಆಗಿದೆ.

ತಿಳಿಯದೆ ಬೆಳೆಯುವ ಸಾಲ

‘ನನಗೆ ಐದೂವರೆ ಗಂಟೆಯ ನಿದ್ರೆ ಒಗ್ಗಿಹೋಗಿದೆ, ಏನೂ ಆಯಾಸವಿಲ್ಲ’ ಎಂದು ನಮ್ಮ ಹುಡುಗನು ಹೇಳಬಹುದು. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನ ಮಾತು ಎಷ್ಟು ನಂಬತಕ್ಕದ್ದು ಎಂಬುದಕ್ಕೆ ೨೦೦೩ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ ಪ್ರಕಟವಾದ ಪ್ರಯೋಗವು ಉತ್ತರ ಕೊಡುತ್ತದೆ. ಆರೋಗ್ಯವಂತರಾದ ೪೮ ವಯಸ್ಕರನ್ನು ಗುಂಪು ಮಾಡಿ, ಒಂದು ಗುಂಪಿಗೆ ರಾತ್ರಿ ೮ ಗಂಟೆ, ಇನ್ನೊಂದಕ್ಕೆ ೬, ಮತ್ತೊಂದಕ್ಕೆ ೪ ಗಂಟೆ ಮಾತ್ರ ಹಾಸಿಗೆಯನ್ನು ಕೊಟ್ಟರು. ಹೀಗೆ ೧೪ ದಿನ ನಡೆಯಿತು. ಬೇರೊಂದು ಗುಂಪನ್ನು ಮೂರು ರಾತ್ರಿ ನಿದ್ರೆಯೇ ಇಲ್ಲದಂತೆ ಇರಿಸಿದರು. ಎರಡು ವಾರಗಳ ಕೊನೆಗೆ, ಆರು ಗಂಟೆಗಳವರ ಮೈಮರೆವುಗಳು ಒಂದು ಇಡೀ ರಾತ್ರಿ ನಿದ್ರೆಗೆಟ್ಟವರ ಮಟ್ಟವನ್ನು ಮುಟ್ಟಿದ್ದವು. ದಿನ ಕಳೆದಂತೆ ತಪ್ಪುಗಳು ಏರುತ್ತಲೇ ಹೋದವು. ಆದರೆ ‘ನಿಮಗೆಷ್ಟು ನಿದ್ರೆ ಬರುತ್ತಿದೆ?’ ಎಂದು ಕೇಳಿದಾಗ, ಅವರ ಉತ್ತರ ಮೊದಲ ಕೆಲವು ದಿನಗಳ ನಂತರ ಹೆಚ್ಚು ಬದಲಾಗಲೇ ಇಲ್ಲ.

ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ವಾಚಕರು ನೆನಪಿಡುವುದಾದರೆ ಅದು ಇದೇ ಆಗಲಿ. ಹಸಿವಾದರೆ ಹೊಟ್ಟೆ ಹೇಳುತ್ತದೆ, ಗಾಯವಾದರೆ ನೋವು ಹೇಳುತ್ತದೆ. ನಿದ್ರೆಯ ಸಾಲ ಬೆಳೆದಂತೆ ಅದನ್ನು ಹೇಳಬೇಕಾದ ಮಿದುಳೇ ಮಂಕಾಗಿರುತ್ತದೆ. ಒಗ್ಗಿಹೋಗಿರುವುದು ಆಯಾಸದ ಅನುಭವ, ಆಯಾಸವಲ್ಲ.

ಹಾಗಾದರೆ ಎಷ್ಟು ನಿದ್ರೆ ಬೇಕು? ೧೩ರಿಂದ ೧೮ ವರ್ಷದವರಿಗೆ ದಿನಕ್ಕೆ ೮ರಿಂದ ೧೦ ಗಂಟೆ ಎಂದೂ, ವಯಸ್ಕರಿಗೆ ೭ ಗಂಟೆಗೆ ಕಡಿಮೆಯಿಲ್ಲದಂತೆ ಎಂದೂ ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು ಸೂಚಿಸಿದೆ. ಹೈಸ್ಕೂಲಿನ ಹುಡುಗ ಹುಡುಗಿಯರಿಗೆ ಅಪ್ಪನಿಗಿಂತ ಹೆಚ್ಚು ನಿದ್ರೆ ಬೇಕು. ಅದು ಸೋಮಾರಿತನವಲ್ಲ, ವಯೋಧರ್ಮ.

ಪಾವಗಡದ ಬಿಸಿಲು ಮತ್ತು ಮೈಯೊಳಗಿನ ಗಡಿಯಾರ

ನಮ್ಮ ನಿದ್ರೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಎಚ್ಚರವಿರುವ ಹೊತ್ತೆಲ್ಲ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ಕೂಡಿದಷ್ಟೂ ನಿದ್ರೆಯ ಒತ್ತಡ ಹೆಚ್ಚು. ಕಾಫಿ ಮತ್ತು ಟೀಯ ಕೆಫೀನು ಅಡಿನೊಸಿನ್ ಕುಳಿತುಕೊಳ್ಳಬೇಕಾದ ಜಾಗವನ್ನು ತಾನು ಆಕ್ರಮಿಸಿ ನಿದ್ರೆಯನ್ನು ಮುಂದೂಡುತ್ತದೆ, ಸಾಲವನ್ನು ತೀರಿಸುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗವು ಸುಮಾರು ಐದು ಗಂಟೆಗಳ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಎರಡನೆಯ ಶಕ್ತಿಯೆಂದರೆ ಮೈಯೊಳಗಿನ ಗಡಿಯಾರ. ಮಿದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಎಡೆಯ ಮೇಲೆ, ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ನರಕೋಶಗಳ ಜೋಡಿ ಗುಂಪೊಂದಿದೆ. ಇದು ಕಣ್ಣಿಗೆ ಬೀಳುವ ಬೆಳಕನ್ನು ನೋಡಿಕೊಂಡು ಹಗಲು ರಾತ್ರಿಗಳ ಲೆಕ್ಕವಿಡುತ್ತದೆ. ಕತ್ತಲಾದಾಗ ಇದರ ಅಪ್ಪಣೆಯಂತೆ ಮೆಲಟೋನಿನ್ ಎಂಬ ಹಾರ್ಮೋನು ಹೊರಟು ಮೈಯನ್ನು ನಿದ್ರೆಗೆ ಅಣಿಗೊಳಿಸುತ್ತದೆ. ಜೀವಕೋಶಗಳೊಳಗೆ ಇಂಥ ಗಡಿಯಾರಗಳು ನಡೆಯುವ ಬಗೆಯನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಹದಿಹರೆಯದಲ್ಲಿ ಈ ಗಡಿಯಾರವು ತಾನಾಗಿಯೇ ಸ್ವಲ್ಪ ಹಿಂದೆ ಬೀಳುತ್ತದೆ. ಆದುದರಿಂದಲೇ ಆ ವಯಸ್ಸಿನವರಿಗೆ ಬೇಗ ನಿದ್ರೆ ಹತ್ತುವುದಿಲ್ಲ, ಬೇಗ ಎಚ್ಚರವೂ ಆಗುವುದಿಲ್ಲ.

ಹಿಂದೆ ಬಿದ್ದ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಕೀಲಿಯೆಂದರೆ ಬೆಳಗಿನ ಬಿಸಿಲು. ಈ ಸಿರಿಗೆ ಪಾವಗಡದಲ್ಲಿ ಬರವಿಲ್ಲ. ತಿರುಮಣಿಯ ಸುತ್ತಣ ಸುಮಾರು ೧೩,೦೦೦ ಎಕರೆ ನೆಲದಲ್ಲಿ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವು ಈ ಬಿಸಿಲಿನಿಂದಲೇ ನಡೆಯುತ್ತಿದೆ. ಬಯಲಿನ ಹಗಲುಬೆಳಕು ಹತ್ತು ಸಾವಿರ ಲಕ್ಸ್ ಅಳತೆಯನ್ನು ಸುಲಭವಾಗಿ ಮೀರುತ್ತದೆ; ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಆದುದರಿಂದ ಬೆಳಿಗ್ಗೆ ಅರ್ಧ ಗಂಟೆ ಬಯಲಿನಲ್ಲಿ ಓಡುವವನಿಗೆ ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ರೆ ಬರುವ ಸಂಭವ ಹೆಚ್ಚು. ಇದಕ್ಕೆ ವಿರುದ್ಧವಾಗಿ, ರಾತ್ರಿ ಹತ್ತಕ್ಕೆ ಮುಖದ ಬಳಿ ಹಿಡಿದ ಫೋನಿನ ಬೆಳಕು ಗಡಿಯಾರಕ್ಕೆ ‘ಇನ್ನೂ ಹಗಲಿದೆ’ ಎಂದು ಸುಳ್ಳು ಹೇಳುತ್ತದೆ.

ಬಿಸಿಲಿಗೆ ಇನ್ನೊಂದು ಮುಖವೂ ಉಂಟು. ನಿದ್ರೆ ಹತ್ತಬೇಕಾದರೆ ಮೈಯ ಒಳಗಣ ಶಾಖವು ಸ್ವಲ್ಪ ಇಳಿಯಬೇಕು. ಮಾರ್ಚಿಯಿಂದ ಮೇ ತಿಂಗಳವರೆಗೆ ಈ ಸೀಮೆಯ ಕಲ್ಲುಚಪ್ಪಡಿಯ ಮನೆಗಳೂ ತಗಡಿನ ಮಾಡುಗಳೂ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಬಹಳ ಹೊತ್ತು ಉಗುಳುತ್ತಿರುತ್ತವೆ. ಅಂಗಳದಲ್ಲಿಯೋ ಮಾಳಿಗೆಯ ಮೇಲೋ ಮಲಗುತ್ತಿದ್ದ ಹಿರಿಯರ ಪದ್ಧತಿಯು ಈ ದೃಷ್ಟಿಯಿಂದ ಜಾಣತನದ್ದೇ. ಸೊಳ್ಳೆಪರದೆಯನ್ನು ಮಾತ್ರ ಮರೆಯಬಾರದು. ಮಲಗುವ ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ಮಿಂದರೆ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಬೇಗ ಹೊರಬೀಳುತ್ತದೆ.

ಮಾಡಬಹುದಾದುದು

‘ಬೆಳಗಿನ ಜಾವ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಆ ಮಾತನ್ನು ನಾವು ತಳ್ಳಿಹಾಕಬೇಕಾಗಿಲ್ಲ. ಅದು ಹುಟ್ಟಿದ್ದು ಊರೆಲ್ಲ ಎಂಟೂವರೆ ಒಂಬತ್ತಕ್ಕೆ ಮಲಗುತ್ತಿದ್ದ ಕಾಲದಲ್ಲಿ. ಒಂಬತ್ತಕ್ಕೆ ಮಲಗಿ ಐದಕ್ಕೆ ಎದ್ದವನು ಎಂಟು ಗಂಟೆ ನಿದ್ರಿಸಿರುತ್ತಾನೆ. ಹಿರಿಯರ ಏಳುವ ಹೊತ್ತನ್ನು ಉಳಿಸಿಕೊಂಡು ಮಲಗುವ ಹೊತ್ತನ್ನು ಮರೆತದ್ದೇ ನಮ್ಮ ತಪ್ಪು. ಓದಿದ್ದನ್ನು ನೆಲೆಗೊಳಿಸುವ ಕೆಲಸವೂ ನಿದ್ರೆಯದೇ ಆದುದರಿಂದ, ನಿದ್ರೆಯನ್ನು ಕದ್ದು ಓದಿದವನು ಆಟದಲ್ಲಿ ಮಾತ್ರವಲ್ಲ, ಪರೀಕ್ಷೆಯಲ್ಲಿಯೂ ನಷ್ಟಪಡುತ್ತಾನೆ.

ರಾತ್ರಿಯ ನಿದ್ರೆ ಅನಿವಾರ್ಯವಾಗಿ ಕೆಟ್ಟಾಗ ಹಗಲಿನ ಸಣ್ಣ ನಿದ್ರೆ ನೆರವಿಗೆ ಬರುತ್ತದೆ. ೨೦೦೭ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರಾತ್ರಿ ನಾಲ್ಕೇ ಗಂಟೆ ಮಲಗಿದ್ದ ಹತ್ತು ಮಂದಿ ಯುವಕರು ಮಧ್ಯಾಹ್ನದ ಊಟದ ನಂತರ ಅರ್ಧ ಗಂಟೆ ಮಲಗಿದರು. ೨೦ ಮೀಟರು ಓಟಕ್ಕೆ ಮಲಗದ ದಿನ ಅವರಿಗೆ ೩.೯೭ ಸೆಕೆಂಡು ಬೇಕಾಗಿದ್ದರೆ, ಮಲಗಿದ ದಿನ ೩.೮೮ ಸೆಕೆಂಡು ಸಾಕಾಯಿತು. ಪಾವಗಡದ ತಂಡವು ಜಿಲ್ಲಾ ಕೇಂದ್ರದಲ್ಲಿ ಆಡಬೇಕಾದರೆ ನಸುಕಿನಲ್ಲಿ ಹೊರಟು ಸುಮಾರು ನೂರು ಕಿಲೋಮೀಟರು ಪ್ರಯಾಣ ಮಾಡಬೇಕು. ಆಟ ಮಧ್ಯಾಹ್ನದ ಮೇಲಿದ್ದರೆ ನೆರಳಿನಲ್ಲಿ ಅರ್ಧ ಗಂಟೆ ಮಲಗಿಸುವುದಕ್ಕೆ ದುಡ್ಡು ಬೇಕಿಲ್ಲ. ಎದ್ದೊಡನೆ ಬಯಲಿಗೆ ಇಳಿಯಬಾರದು. ಮಂಪರು ಹರಿಯಲು ಅರ್ಧ ಗಂಟೆಯಾದರೂ ಬೇಕು. ಪಂದ್ಯದ ಹಿಂದಿನ ರಾತ್ರಿ ಉದ್ವೇಗದಿಂದ ನಿದ್ರೆ ಬರದಿದ್ದರೆ ಗಾಬರಿಪಡಬೇಕಾಗಿಲ್ಲ. ಹಿಂದಿನ ವಾರವೆಲ್ಲ ಚೆನ್ನಾಗಿ ಮಲಗಿದ್ದವನನ್ನು ಒಂದು ರಾತ್ರಿ ಸೋಲಿಸಲಾರದು.

ಇಷ್ಟನ್ನೂ ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ವಾಚಕರು ತಾವೇ ಪರೀಕ್ಷಿಸಬಹುದು. ಬೇಕಾದುದು ೩೦ ಸೆಂಟಿಮೀಟರಿನ ಒಂದು ಅಳತೆಪಟ್ಟಿ ಮಾತ್ರ. ಗೆಳೆಯನು ಪಟ್ಟಿಯ ಮೇಲ್ತುದಿಯನ್ನು 'ಹಿಡಿದು ತೂಗುಬಿಡಲಿ. ಕೆಳತುದಿಯ ಸೊನ್ನೆಯ ಗುರುತಿನ ಎರಡೂ ಕಡೆ ನಿಮ್ಮ ಹೆಬ್ಬೆರಳೂ ತೋರುಬೆರಳೂ ಮುಟ್ಟದಂತೆ ಇರಲಿ. ಅವನು ಹೇಳದೆ ಪಟ್ಟಿಯನ್ನು ಬಿಡಬೇಕು, ನೀವು ಹಿಡಿಯಬೇಕು. ೧೫ ಸೆಂಟಿಮೀಟರಿನಲ್ಲಿ ಹಿಡಿದರೆ ನಿಮ್ಮ ಪ್ರತಿಕ್ರಿಯಾಕಾಲ ಸುಮಾರು ೦.೧೭ ಸೆಕೆಂಡು, ೨೦ರಲ್ಲಿ ಹಿಡಿದರೆ ೦.೨೦, ೨೫ರಲ್ಲಿ ೦.೨೩, ೩೦ರಲ್ಲಿ ೦.೨೫. ಬೀಳುವ ವಸ್ತುಗಳ ನಿಯಮವನ್ನು ಪಾಠದಲ್ಲಿ ಓದಿದವರು ಈ ಅಂಕಿಗಳನ್ನು ತಾವೇ ಕಂಡುಕೊಳ್ಳಬಹುದು. ಮೊದಲು ಎರಡು ಮೂರು ದಿನ ಆಟವನ್ನು ರೂಢಿಮಾಡಿಕೊಳ್ಳಿರಿ. ಇಲ್ಲದಿದ್ದರೆ ಅಭ್ಯಾಸದ ಲಾಭವೇ ನಿದ್ರೆಯ ಲಾಭವೆಂದು ತೋರೀತು. ಆಮೇಲೆ ಒಂದು ವಾರ ಎಂದಿನಂತೆ ಮಲಗಿ, ಪ್ರತಿದಿನ ಒಂದೇ ಹೊತ್ತಿನಲ್ಲಿ ಹತ್ತು ಬಾರಿ ಹಿಡಿದು, ಸರಾಸರಿಯನ್ನೂ ಪೂರ್ತಿ ತಪ್ಪಿಹೋದ ಸಲಗಳನ್ನೂ ಬರೆದಿಡಿರಿ. ಮುಂದಿನ ಎರಡು ವಾರ ಒಂದು ಗಂಟೆ ಮೊದಲು ಮಲಗಿ ಅದನ್ನೇ ಮಾಡಿರಿ. ಸರಾಸರಿಗಿಂತ ಹೆಚ್ಚಾಗಿ ತಪ್ಪಿಹೋದ ಸಲಗಳನ್ನು ಗಮನಿಸಿರಿ. ಮೈಮರೆವು ಅಡಗಿರುವುದು ಅಲ್ಲಿ. ತರಗತಿಯ ಹತ್ತಾರು ಮಂದಿ ಕೂಡಿ ಮಾಡಿದರೆ ಫಲಿತಾಂಶವು ಇನ್ನೂ ನಂಬತಕ್ಕದ್ದಾಗುತ್ತದೆ.

ಹಳ್ಳಿಯ ಶಾಲೆಗಳಲ್ಲಿ ಹುಲ್ಲಿನ ಅಂಗಣವಿಲ್ಲ, ಒಳ್ಳೆಯ ಬೂಟುಗಳಿಲ್ಲ, ತರಬೇತುಗಾರರಿಲ್ಲ ಎಂಬ ಕೊರಗು ಸಹಜವಾದುದು. ಆ ಕೊರತೆಗಳನ್ನು ತುಂಬಲು ಹಣವೂ ಕಾಲವೂ ಬೇಕು. ಆದರೆ ದೊಡ್ಡ ತಂಡಗಳು ಇಂದು ತಜ್ಞರನ್ನಿಟ್ಟುಕೊಂಡು ಗಳಿಸುತ್ತಿರುವ ಒಂದು ಅನುಕೂಲವು ಕೊರಟಗೆರೆಯ ಹುಡುಗಿಗೂ ಶಿರಾದ ಹುಡುಗನಿಗೂ ಕತ್ತಲಾದೊಡನೆ ಉಚಿತವಾಗಿ ದೊರೆಯುತ್ತದೆ. ದೀಪವನ್ನು ಆರಿಸಿದರೆ ಸಾಕು. ಇಂದು ಸಂಜೆ ಕಲಿತ ಪಟ್ಟು ನಾಳೆ ಕಾಲಿಗೆ ಬರಬೇಕಾದರೆ, ನಡುವಣ ರಾತ್ರಿಯನ್ನು ಅದಕ್ಕೆ ಬಿಟ್ಟುಕೊಡಬೇಕು.